ಗುಣಪಡಿಸುವ ಮದ್ದೇ ಚರ್ಮಕ್ಕೆ ಮುನಿದಾಗ

ಅಡಾಲಿಮುಮ್ಯಾಬ್ ಎಂಬ ಚುಚ್ಚುಮದ್ದಿನ ಪೆಟ್ಟಿಗೆಯೊಳಗೆ ಹಲವು ಮಡಿಕೆಯಾಗಿ ಮಡಿಸಿಟ್ಟ ಉದ್ದನೆಯ ಕಾಗದವೊಂದು ಇರುತ್ತದೆ. ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಅಚ್ಚಾದ ಆ ಕಾಗದವನ್ನು ತಾಳ್ಮೆಯಿಂದ ಓದಿದರೆ ಒಂದು ವಿಚಿತ್ರ ಸಂಗತಿ ಕಣ್ಣಿಗೆ ಬೀಳುತ್ತದೆ. ಈ ಔಷಧವನ್ನು ಯಾವ ಯಾವ ಕಾಯಿಲೆಗೆ ಬಳಸಬೇಕು ಎಂಬ ಪಟ್ಟಿಯಲ್ಲಿ ಸೋರಿಯಾಸಿಸ್ ಎಂಬ ಚರ್ಮರೋಗದ ಹೆಸರಿದೆ. ಹಾಗೆಯೇ ಕೆಳಗೆ ಬಂದು ಎಚ್ಚರಿಕೆಗಳನ್ನೂ ಅಡ್ಡಪರಿಣಾಮಗಳನ್ನೂ ಓದಿದರೆ ಅಲ್ಲಿಯೂ ಸೋರಿಯಾಸಿಸ್! ಇದು ಅಚ್ಚಿನ ದೋಷವಲ್ಲ. ಇನ್‌ಫ್ಲಿಕ್ಸಿಮ್ಯಾಬ್, ಎಟನರ್‌ಸೆಪ್ಟ್ ಎಂಬ ಅದೇ ಗುಂಪಿನ ಬೇರೆ ಔಷಧಗಳ ಕಾಗದದಲ್ಲಿಯೂ ಹೀಗೆಯೇ ಇದೆ.

ಎರಡು ಮಾತುಗಳೂ ನಿಜ. ಸೋರಿಯಾಸಿಸ್ ಇರುವ ಅಸಂಖ್ಯ ಜನರ ಚರ್ಮವನ್ನು ಈ ಮದ್ದುಗಳು ತಿಳಿಗೊಳಿಸಿವೆ. ಸೋರಿಯಾಸಿಸ್ ಎಂಬ ಹೆಸರನ್ನೇ ಕೇಳದೆ, ಕೀಲುವಾತಕ್ಕೋ ಕರುಳಿನ ಹುಣ್ಣಿಗೋ ಇದೇ ಮದ್ದನ್ನು ತೆಗೆದುಕೊಂಡ ಕೆಲವರಿಗೆ ಅದೇ ಕಾಯಿಲೆಯನ್ನು ಹೊಸದಾಗಿ ತಂದಿಟ್ಟೂ ಇವೆ. ವೈದ್ಯರು ಇದನ್ನು ವಿರೋಧಾಭಾಸದ ಪರಿಣಾಮ ಎಂದು ಕರೆಯುತ್ತಾರೆ. ವಿರೋಧಾಭಾಸ ಎಂಬ ಮಾತನ್ನು ನೀವು ಕನ್ನಡ ತರಗತಿಯಲ್ಲಿ ಅಲಂಕಾರಗಳ ಪಾಠದಲ್ಲಿ ಕೇಳಿದ್ದೀರಿ. ಮೇಲ್ನೋಟಕ್ಕೆ ವಿರೋಧ, ಒಳಹೊಕ್ಕು ನೋಡಿದರೆ ವಿರೋಧವಿಲ್ಲ. ಇಲ್ಲಿಯೂ ಹಾಗೆಯೇ. ಪರದೆಯ ಮೇಲಿನ ಮಾತುಕತೆಯಲ್ಲಿ ಈ ಒಳಹೊಕ್ಕು ನೋಡುವ ಕೆಲಸಕ್ಕೆ ಸಮಯ ಸಾಲದು. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಟಿ.ಎನ್.ಎಫ್. ಎಂಬ ದೂತ

ಕಾಲಿಗೆ ಮುಳ್ಳು ಚುಚ್ಚಿದ ಜಾಗ ಮರುದಿನ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತದೆ. ಮನೆಯ ಹಿರಿಯರು ‘ನಂಜಾಗಿದೆ’ ಎನ್ನುತ್ತಾರೆ, ಪುಸ್ತಕದ ಭಾಷೆಯಲ್ಲಿ ಇದು ಉರಿಯೂತ. ರಕ್ತದಲ್ಲಿರುವ ಬಿಳಿಯ ಕಣಗಳು ಪೆಟ್ಟಾದ ಜಾಗಕ್ಕೆ ಧಾವಿಸಿ ಬರುವುದರ ಫಲವಿದು. ಅವುಗಳನ್ನು ಕರೆಯುವವರು ಯಾರು? ಜೀವಕೋಶಗಳು ಹೊರಸೂಸುವ ಸಣ್ಣ ಪ್ರೋಟೀನುಗಳು. ಇವಕ್ಕೆ ಸೈಟೊಕೈನ್ ಎಂದು ಹೆಸರು. ಒಂದು ಕೋಶದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವ ದೂತರು ಎಂದುಕೊಳ್ಳಿ. ಈ ದೂತರಲ್ಲಿ ಬಹಳ ಪ್ರಬಲನಾದವನು ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್, ಚಿಕ್ಕದಾಗಿ ಟಿ.ಎನ್.ಎಫ್.

ಹೆಸರಿನ ಅರ್ಥ ‘ಗೆಡ್ಡೆಯನ್ನು ಕೊಳೆಸುವ ಅಂಶ’ ಎಂದು. 1975ರಲ್ಲಿ ನ್ಯೂಯಾರ್ಕಿನ ಸ್ಲೋನ್-ಕೆಟರಿಂಗ್ ಕ್ಯಾನ್ಸರ್ ಸಂಸ್ಥೆಯಲ್ಲಿ ಲಾಯ್ಡ್ ಓಲ್ಡ್ ಅವರ ತಂಡವು ಇಲಿಗಳಿಗೆ ಮೊದಲು ಬಿ.ಸಿ.ಜಿ., ಆಮೇಲೆ ಬ್ಯಾಕ್ಟೀರಿಯಾದ ವಿಷವಸ್ತುವನ್ನು ಕೊಟ್ಟು, ಆ ಇಲಿಗಳ ರಕ್ತರಸದಲ್ಲಿ ಗೆಡ್ಡೆಗಳನ್ನು ಸಾಯಿಸುವ ವಸ್ತುವೊಂದಿದೆ ಎಂದು ತೋರಿಸಿತು. ಹೆಸರು ಅಲ್ಲಿಂದ ಬಂತು. ಕ್ಯಾನ್ಸರಿಗೆ ರಾಮಬಾಣ ಸಿಕ್ಕಿತು ಎಂಬ ಆಸೆ ಫಲಿಸಲಿಲ್ಲ. ಆದರೆ ಆ ವಸ್ತುವಿನ ನಿಜವಾದ ಕಸುಬು ಬೇರೆಯೇ ಇತ್ತು. ಅದು ರಕ್ತನಾಳದ ಒಳಗೋಡೆಯನ್ನು ಅಂಟಾಗಿಸಿ ಬಿಳಿಯ ಕಣಗಳನ್ನು ಅಲ್ಲಿ ತಡೆದು ನಿಲ್ಲಿಸುತ್ತದೆ, ಜ್ವರ ಬರಿಸುತ್ತದೆ, ಮೂಳೆಯನ್ನು ಕರಗಿಸುವ ಕೋಶಗಳನ್ನು ಎಬ್ಬಿಸುತ್ತದೆ. ಸೋಂಕು ತಗುಲಿದಾಗ ಇದೆಲ್ಲ ಒಳ್ಳೆಯದೇ. ಸೋಂಕಿಲ್ಲದಿದ್ದರೂ ಈ ದೂತ ಹಗಲಿರುಳು ಕೂಗುತ್ತಲೇ ಇದ್ದರೆ ದೇಹವು ತನ್ನ ಮನೆಯನ್ನೇ ಸುಟ್ಟುಕೊಳ್ಳುತ್ತದೆ. ರುಮಟಾಯ್ಡ್ ಸಂಧಿವಾತದಲ್ಲಿ ಕೀಲುಗಳು, ಕ್ರೋನ್ಸ್ ಕಾಯಿಲೆಯಲ್ಲಿ ಕರುಳು ಹೀಗೆ ಹಾಳಾಗುತ್ತವೆ.

ಅದೇ 1975ರಲ್ಲಿ, ಅಟ್ಲಾಂಟಿಕ್ ಸಾಗರದ ಈಚೆಯ ದಡದ ಕೇಂಬ್ರಿಜ್‌ನಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೀನ್ ಎಂಬಿಬ್ಬರು ಒಂದೇ ಗುರಿಗೆ ಅಂಟುವ, ಒಂದೇ ಅಚ್ಚಿನ ಪ್ರತಿಕಾಯಗಳನ್ನು ಪ್ರಯೋಗಾಲಯದಲ್ಲಿ ಬೇಕಾದಷ್ಟು ತಯಾರಿಸುವ ವಿಧಾನವನ್ನು ಪ್ರಕಟಿಸಿದರು. 1984ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಎರಡು ಊರುಗಳ ಈ ಎರಡು ಕೆಲಸಗಳು ಒಂದುಗೂಡಲು ಹದಿನೈದು ವರ್ಷಗಳೇ ಬೇಕಾದವು. ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್, ರವೀಂದರ್ ಮೈನಿ ಮತ್ತು ಸಂಗಡಿಗರು ಸಂಧಿವಾತ ರೋಗಿಗಳ ಕೀಲಿನ ಒಳಪೊರೆಯ ತುಣುಕುಗಳನ್ನು ಗಾಜಿನ ಬಟ್ಟಲಲ್ಲಿಟ್ಟು ಪರೀಕ್ಷಿಸುತ್ತಿದ್ದರು. ಅಲ್ಲಿ ಹತ್ತಾರು ಬಗೆಯ ದೂತರಿದ್ದರು. ಒಬ್ಬನನ್ನು ತಡೆದರೆ ಏನು ಪ್ರಯೋಜನ ಎಂದು ಹಲವರು ಕೇಳುತ್ತಿದ್ದ ಕಾಲ ಅದು. ಟಿ.ಎನ್.ಎಫ್. ಒಂದನ್ನೇ ತಡೆದರೂ ಉಳಿದವರ ದನಿ ತಗ್ಗುತ್ತದೆ ಎಂಬುದು 1989ರಲ್ಲಿ ಗೊತ್ತಾಯಿತು. 1992ರಲ್ಲಿ ರೋಗಿಗಳಿಗೆ ಮೊದಲ ಬಾರಿಗೆ ಟಿ.ಎನ್.ಎಫ್. ಅನ್ನು ಹಿಡಿದು ಕಟ್ಟಿಹಾಕುವ ಪ್ರತಿಕಾಯವನ್ನು ಕೊಟ್ಟರು. 1998ರಲ್ಲಿ ಅದು ಇನ್‌ಫ್ಲಿಕ್ಸಿಮ್ಯಾಬ್ ಎಂಬ ಹೆಸರಿನಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಅದೇ ವರ್ಷ ಎಟನರ್‌ಸೆಪ್ಟ್, 2002ರ ಕೊನೆಯ ದಿನ ಅಡಾಲಿಮುಮ್ಯಾಬ್ ಒಪ್ಪಿಗೆ ಪಡೆದವು.

ಬಾಯಿಗೆ ಹಿಡಿಯದ ಈ ಹೆಸರುಗಳಿಗೆ ಒಂದು ಗುಟ್ಟಿದೆ. ಇವಕ್ಕೆ ಹೆಸರಿಟ್ಟ ಕಾಲದ ನಿಯಮದಂತೆ ‘ಮ್ಯಾಬ್’ ಎಂದು ಮುಗಿದರೆ ಅದು ಒಂದೇ ಅಚ್ಚಿನ ಪ್ರತಿಕಾಯ, ‘ಕ್ಸಿಮ್ಯಾಬ್’ ಎಂದರೆ ಇಲಿಯ ಅಂಶವೂ ಮನುಷ್ಯನ ಅಂಶವೂ ಬೆರೆತದ್ದು, ‘ಉಮ್ಯಾಬ್’ ಎಂದರೆ ಪೂರ್ತಿ ಮನುಷ್ಯ ಮಾದರಿಯದು. ಇವನ್ನೆಲ್ಲ ಸೇರಿಸಿ ಜೈವಿಕ ಔಷಧಗಳು ಎನ್ನುತ್ತೇವೆ. ಏಕೆಂದರೆ ಇವು ರಾಸಾಯನಿಕ ಕಾರ್ಖಾನೆಯಲ್ಲಿ ಕೂಡಿಸಿದ ವಸ್ತುಗಳಲ್ಲ, ಜೀವಂತ ಕೋಶಗಳಲ್ಲಿ ಬೆಳೆಸಿ ಶುದ್ಧಗೊಳಿಸಿದ ಪ್ರೋಟೀನುಗಳು. ಅಡಾಲಿಮುಮ್ಯಾಬ್‌ನ ಒಂದು ಅಣು ಆಸ್ಪಿರಿನ್ನಿನ ಒಂದು ಅಣುವಿಗಿಂತ ಸುಮಾರು 800 ಪಟ್ಟು ಭಾರ. ನುಂಗಿದರೆ ಹೊಟ್ಟೆಯಲ್ಲಿ ಬೇಳೆಯ ಪ್ರೋಟೀನಿನಂತೆ ಜೀರ್ಣವಾಗಿ ಹೋಗುತ್ತದೆ. ಆದ್ದರಿಂದಲೇ ಇವುಗಳಲ್ಲಿ ಮಾತ್ರೆ ಇಲ್ಲ, ಚುಚ್ಚುಮದ್ದು ಮಾತ್ರ.

ಅಂಗೈಯಲ್ಲಿ ಎದ್ದ ಕೀವುಗುಳ್ಳೆ

ಇನ್ನು ಸೋರಿಯಾಸಿಸ್. ನಮ್ಮ ಚರ್ಮದ ತಳದಲ್ಲಿ ಹುಟ್ಟಿದ ಕೋಶವು ಮೇಲಕ್ಕೆ ಬಂದು ಉದುರಿ ಹೋಗಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಸೋರಿಯಾಸಿಸ್ ಇರುವ ಕಡೆ ಇದು ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಮಾಗದ ಕೋಶಗಳು ಒಂದರ ಮೇಲೊಂದು ಪೇರಿಕೊಂಡು ಕೆಂಪು ಪಟ್ಟೆಯ ಮೇಲೆ ಬೆಳ್ಳನೆಯ ಹೊಟ್ಟಿನಂತೆ ಕಾಣುತ್ತವೆ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಕೆಂಪು ಅಷ್ಟಾಗಿ ತೋರದೆ ನೇರಳೆಯಾಗಿಯೋ ಕಪ್ಪಾಗಿಯೋ ಕಾಣಬಹುದು. ಇದು ಅಂಟುಜಾಡ್ಯವಲ್ಲ. ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಪಕ್ಕದಲ್ಲಿ ಕುಳಿತರೆ ಬರುವುದಿಲ್ಲ. ಈ ಮಾತನ್ನು ಎಷ್ಟು ಸಲ ಹೇಳಿದರೂ ಹೆಚ್ಚಾಗುವುದಿಲ್ಲ. ಬೆಂಚಿನ ತುದಿಗೆ ಸರಿದು ಕೂರುವ ಸಹಪಾಠಿಗಳು ಇಂದಿಗೂ ಇದ್ದಾರೆ.

ಸೋರಿಯಾಸಿಸ್ ಪಟ್ಟೆಗಳಲ್ಲಿ ಟಿ.ಎನ್.ಎಫ್. ಹೇರಳವಾಗಿರುತ್ತದೆ. ಹಾಗಾಗಿ ಟಿ.ಎನ್.ಎಫ್. ತಡೆಯುವ ಮದ್ದು ಇದಕ್ಕೂ ಆಗಬೇಕೆಂದು ಊಹಿಸಿದ್ದು ಸಹಜ. ಊಹೆ ಸರಿಯಾಯಿತು. ಎಟನರ್‌ಸೆಪ್ಟ್‌ಗೆ 2004ರಲ್ಲಿ ಸೋರಿಯಾಸಿಸ್ ಚಿಕಿತ್ಸೆಗೆಂದೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕುತೂಹಲದ ಸಂಗತಿಯೆಂದರೆ, ಹೆಚ್ಚುಕಡಿಮೆ ಅದೇ ವೇಳೆಗೆ ಇನ್ನೊಂದು ಬಗೆಯ ವರದಿಗಳು ವೈದ್ಯಕೀಯ ಪತ್ರಿಕೆಗಳಿಗೆ ಬರತೊಡಗಿದವು. ಸಂಧಿವಾತಕ್ಕೆ ಮದ್ದು ತೆಗೆದುಕೊಳ್ಳುತ್ತಿದ್ದವರ ಅಂಗೈ ಅಂಗಾಲುಗಳಲ್ಲಿ ಹಳದಿ ಕೀವುಗುಳ್ಳೆಗಳು ಏಳುತ್ತಿವೆ. ತಲೆಯಲ್ಲಿ ದಪ್ಪನೆಯ ಹೊಟ್ಟು ಕಟ್ಟಿ ಕೂದಲು ಉದುರುತ್ತಿದೆ. ಕೀಲುಗಳು ಮಾತ್ರ ಹಿಂದೆಂದಿಗಿಂತ ಚೆನ್ನಾಗಿವೆ. ಕೀವನ್ನು ಪರೀಕ್ಷೆಗೆ ಕಳುಹಿಸಿದರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಿರಲಿಲ್ಲ. ಚರ್ಮದ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಹುಮಟ್ಟಿಗೆ ಸೋರಿಯಾಸಿಸ್ ಚಿತ್ರವೇ ಕಾಣುತ್ತಿತ್ತು.

ನೀವು ಒಬ್ಬ ಸಂದೇಹವಾದಿಯ ಸ್ಥಾನದಲ್ಲಿ ನಿಂತು ಕೇಳಬಹುದು: ಸೋರಿಯಾಸಿಸ್ ಅಪರೂಪದ ಕಾಯಿಲೆಯೇನಲ್ಲ, ನೂರರಲ್ಲಿ ಇಬ್ಬರಿಗೋ ಮೂವರಿಗೋ ಬರುವಂಥದು, ಮದ್ದು ತೆಗೆದುಕೊಳ್ಳುವ ಲಕ್ಷಾಂತರ ಜನರಲ್ಲಿ ಕೆಲವರಿಗೆ ಅದು ತಾನಾಗಿಯೇ ಬಂದಿರಬಾರದೇಕೆ? ಒಳ್ಳೆಯ ಪ್ರಶ್ನೆ. ಬಿಡಿ ಬಿಡಿ ವರದಿಗಳಿಂದ ಇದಕ್ಕೆ ಉತ್ತರ ದೊರೆಯದು, ಎಣಿಕೆ ಬೇಕು. ಬ್ರಿಟನ್ನಿನಲ್ಲಿ ಜೈವಿಕ ಔಷಧ ಪಡೆಯುವ ಸಂಧಿವಾತ ರೋಗಿಗಳ ಹೆಸರನ್ನು ನೋಂದಾಯಿಸಿ ವರ್ಷ ವರ್ಷವೂ ವಿಚಾರಿಸುವ ಏರ್ಪಾಡಿದೆ. ಅಲ್ಲಿ 2001ರ ಜನವರಿಯಿಂದ 2007ರ ಜುಲೈವರೆಗಿನ ಲೆಕ್ಕವನ್ನು 2009ರಲ್ಲಿ ಪ್ರಕಟಿಸಿದರು. ಟಿ.ಎನ್.ಎಫ್. ತಡೆಯುವ ಮದ್ದು ಪಡೆದ 9,826 ಮಂದಿಯಲ್ಲಿ 25 ಮಂದಿಗೆ ಹೊಸದಾಗಿ ಸೋರಿಯಾಸಿಸ್ ಬಂದಿತ್ತು. ಹಳೆಯ ಮಾದರಿಯ ಮಾತ್ರೆಗಳಲ್ಲೇ ಇದ್ದ 2,880 ಮಂದಿಯಲ್ಲಿ ಒಬ್ಬರಿಗೂ ಬಂದಿರಲಿಲ್ಲ.

ಇಂಥ ಲೆಕ್ಕದಲ್ಲಿ ತಲೆಗಳನ್ನು ಮಾತ್ರ ಎಣಿಸಿದರೆ ಸಾಲದು, ಒಬ್ಬೊಬ್ಬರನ್ನು ಎಷ್ಟು ಕಾಲ ಗಮನಿಸಿದೆವು ಎಂಬುದನ್ನೂ ಸೇರಿಸಬೇಕು. ಒಬ್ಬರನ್ನು ಎರಡು ವರ್ಷ, ಇನ್ನೊಬ್ಬರನ್ನು ಮೂರು ವರ್ಷ ಗಮನಿಸಿದರೆ ಒಟ್ಟು ಐದು ವ್ಯಕ್ತಿ-ವರ್ಷ. ಮೇಲಿನ 25 ಪ್ರಕರಣಗಳು 1,000 ವ್ಯಕ್ತಿ-ವರ್ಷಕ್ಕೆ 1.04ರಂತೆ ಬಂದವು. ಭಾಗಿಸಿ ನೋಡಿ, ಒಟ್ಟು ಸುಮಾರು 24,000 ವ್ಯಕ್ತಿ-ವರ್ಷಗಳಾಗುತ್ತವೆ. ಹೋಲಿಕೆಯ ಗುಂಪು ಚಿಕ್ಕದು, ಅದರಲ್ಲಿ ಸೊನ್ನೆ ಬಂದದ್ದರಿಂದ ಎಷ್ಟು ಪಟ್ಟು ಹೆಚ್ಚು ಎಂದು ಹೇಳಲು ಬರುವುದಿಲ್ಲ. ಸೊನ್ನೆಯಿಂದ ಭಾಗಿಸುವಂತಿಲ್ಲವಲ್ಲ! ಅದನ್ನು ಆ ಸಂಶೋಧಕರೇ ಪ್ರಾಮಾಣಿಕವಾಗಿ ಬರೆದಿದ್ದಾರೆ. ಆದರೂ ಆಸ್ಪತ್ರೆಗಳಲ್ಲಿ ಚರ್ಮವನ್ನೇ ಗಮನವಿಟ್ಟು ನೋಡಿದ ವರದಿಗಳಲ್ಲಿ ಪ್ರಮಾಣ ಇನ್ನೂ ಹೆಚ್ಚು, ನೂರಕ್ಕೆ 2ರಿಂದ 5ರಷ್ಟು. ಮದ್ದು ನಿಲ್ಲಿಸಿದಾಗ ಪಟ್ಟೆಗಳು ಮಾಸುವುದು, ಅದೇ ಗುಂಪಿನ ಇನ್ನೊಂದು ಮದ್ದು ಕೊಟ್ಟಾಗ ಹಲವರಲ್ಲಿ ಮತ್ತೆ ಏಳುವುದು ಕೂಡ ಮದ್ದಿನತ್ತಲೇ ಬೆರಳು ಮಾಡುತ್ತಿದ್ದವು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2009ರಲ್ಲಿ ಈ ಎಚ್ಚರಿಕೆಯನ್ನು ಪೆಟ್ಟಿಗೆಯ ಕಾಗದದಲ್ಲಿ ಸೇರಿಸಬೇಕೆಂದು ಕಂಪನಿಗಳಿಗೆ ಹೇಳಿತು.

ಏತದ ಎರಡು ತುದಿ

ಹಾಗಾದರೆ ಕಾರಣವೇನು? ಹಳೆಯ ಬಾವಿಯ ಏತವನ್ನು ನೆನಪಿಸಿಕೊಳ್ಳಿ. ಒಂದು ತುದಿಯನ್ನು ಅದುಮಿದರೆ ಇನ್ನೊಂದು ತುದಿ ಏಳುತ್ತದೆ. ದೇಹದಲ್ಲಿ ಟಿ.ಎನ್.ಎಫ್. ಒಂದು ತುದಿಯಲ್ಲಿದ್ದರೆ ಇನ್ನೊಂದು ತುದಿಯಲ್ಲಿರುವುದು ಇಂಟರ್‌ಫೆರಾನ್-ಆಲ್ಫಾ. ಇಂಟರ್‌ಫೆರಾನ್ ಅನ್ನು ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ 1957ರಲ್ಲಿ ಗುರುತಿಸಿದರು. ವೈರಸ್ ನುಗ್ಗಿದಾಗ ನೆರೆಯ ಕೋಶಗಳಿಗೆ ‘ಬಾಗಿಲು ಹಾಕಿಕೊಳ್ಳಿ’ ಎಂದು ಸಾರುವ ದೂತ ಅದು. ಅದನ್ನು ಅತಿ ಹೆಚ್ಚಾಗಿ ತಯಾರಿಸುವುದು ಪ್ಲಾಸ್ಮಸೈಟಾಯ್ಡ್ ಡೆಂಡ್ರೈಟಿಕ್ ಕೋಶಗಳು. ಹೆಸರು ಉದ್ದ, ಸಂಖ್ಯೆ ಬಲು ಕಡಿಮೆ. ಇವುಗಳನ್ನು ಇಲ್ಲಿ ಕಾವಲು ಕೋಶಗಳು ಎಂದು ಕರೆಯೋಣ.

ಮಾಮೂಲಿ ಸೋರಿಯಾಸಿಸ್ ಹೇಗೆ ಶುರುವಾಗುತ್ತದೆಂದು ನೋಡಿ. ಚರ್ಮಕ್ಕೆ ತರಚಿದ ಗಾಯವಾದಾಗ ಕಾವಲು ಕೋಶಗಳು ಬಂದು ಇಂಟರ್‌ಫೆರಾನ್ ಸುರಿಸುತ್ತವೆ. ಸ್ವಲ್ಪ ಸಮಯದಲ್ಲೇ ಟಿ.ಎನ್.ಎಫ್. ಅವನ್ನು ಬಲಿಯುವಂತೆ ಮಾಡುತ್ತದೆ. ಬಲಿತ ಕೋಶ ಇಂಟರ್‌ಫೆರಾನ್ ತಯಾರಿಕೆಯನ್ನು ನಿಲ್ಲಿಸುತ್ತದೆ. ಆಮೇಲಿನ ಕೆಲಸವನ್ನು ಟಿ-ಕೋಶಗಳೆಂಬ ಬಿಳಿಯ ಕಣಗಳು ವಹಿಸಿಕೊಂಡು, ಕಾಯಿಲೆಯನ್ನು ವರ್ಷಗಟ್ಟಲೆ ಎಳೆದುಕೊಂಡು ಹೋಗುತ್ತವೆ. ಈಗ ಟಿ.ಎನ್.ಎಫ್. ಅನ್ನು ಮದ್ದಿನಿಂದ ಕಟ್ಟಿಹಾಕಿದ್ದೀರಿ. ಸೋರಿಯಾಸಿಸ್ ಮೊದಲೇ ಇದ್ದವರಲ್ಲಿ ಎರಡನೆಯ ಹಂತ ನಿಂತು ಗುಣ ಕಾಣುತ್ತದೆ. ಆದರೆ ಕೆಲವರಲ್ಲಿ ಮೊದಲನೆಯ ಹಂತಕ್ಕಿದ್ದ ಲಗಾಮೇ ಕಳಚಿದಂತಾಗುತ್ತದೆ. ಕಾವಲು ಕೋಶಗಳು ಬಲಿಯುವುದಿಲ್ಲ, ಇಂಟರ್‌ಫೆರಾನ್ ಸುರಿಯುವುದು ನಿಲ್ಲುವುದಿಲ್ಲ, ಚರ್ಮ ದಪ್ಪಗಟ್ಟುತ್ತದೆ.

ಟಿ.ಎನ್.ಎಫ್. ತಡೆದರೆ ಇಂಟರ್‌ಫೆರಾನ್ ಏರುತ್ತದೆ ಎಂಬುದನ್ನು 2005ರಲ್ಲೇ ಅಮೆರಿಕದ ಸಂಶೋಧಕರು ತೋರಿಸಿದ್ದರು. ಚರ್ಮದಲ್ಲಿ ನಡೆಯುವ ಇಡೀ ಕಥೆಯನ್ನು ಜೋಡಿಸಿದವರು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ಕುರ್ದಿನ್ ಕೊನ್ರಾಡ್, ಮಿಶೆಲ್ ಜಿಲಿಯೆ ಮತ್ತು ಸಂಗಡಿಗರು, 2018ರಲ್ಲಿ. ಮದ್ದಿನಿಂದ ಎದ್ದ ಪಟ್ಟೆಗಳಲ್ಲಿ ಕಾವಲು ಕೋಶಗಳೂ ಇಂಟರ್‌ಫೆರಾನ್ ಗುರುತುಗಳೂ ತುಂಬಿದ್ದವು, ಟಿ-ಕೋಶಗಳು ಮಾತ್ರ ಮಾಮೂಲಿ ಸೋರಿಯಾಸಿಸ್‌ಗಿಂತ ಕಡಿಮೆ ಇದ್ದವು. ಮದ್ದು ನಿಲ್ಲಿಸಿದ ಮೇಲೆ ಈ ಪಟ್ಟೆಗಳು ಸಾಮಾನ್ಯವಾಗಿ ಮರುಕಳಿಸದಿರುವುದಕ್ಕೆ ಇದೇ ವಿವರಣೆ: ಹಳೆಯ ಹಗೆಯನ್ನು ನೆನಪಿಟ್ಟುಕೊಳ್ಳುವುದು ಟಿ-ಕೋಶಗಳು, ಅವುಗಳ ಪಾತ್ರವೇ ಇಲ್ಲಿ ಕಡಿಮೆ.

ಈ ವಿವರಣೆಗೆ ಪಕ್ಕದ ಸಾಕ್ಷಿಗಳೂ ಇವೆ. ಯಕೃತ್ತಿನ ವೈರಸ್ ಕಾಯಿಲೆಗೆ ಇಂಟರ್‌ಫೆರಾನ್ ಚುಚ್ಚುಮದ್ದನ್ನೇ ಕೊಡುತ್ತಿದ್ದ ಕಾಲದಲ್ಲಿ ಕೆಲವರಿಗೆ ಸೋರಿಯಾಸಿಸ್ ಕೆರಳುತ್ತಿತ್ತು. ಇಮಿಕ್ವಿಮೋಡ್ ಎಂಬ ಮುಲಾಮು ಇದೇ ಕಾವಲು ಕೋಶಗಳನ್ನು ಬಡಿದೆಬ್ಬಿಸುತ್ತದೆ. ಅದನ್ನು ಹಚ್ಚಿದಲ್ಲಿಯೂ ಸೋರಿಯಾಸಿಸ್ ಎದ್ದ ಉದಾಹರಣೆಗಳಿವೆ. ಮೂರು ದಾರಿಗಳು ಒಂದೇ ಊರಿಗೆ ಬಂದು ಸೇರಿದರೆ ಊರು ಅಲ್ಲಿದೆ ಎಂದು ನಂಬಬಹುದು. ಆದರೆ ನೂರರಲ್ಲಿ ಕೆಲವರಿಗೆ ಮಾತ್ರ ಹೀಗೇಕೆ ಎಂಬುದು ಇನ್ನೂ ಬಗೆಹರಿದಿಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಸಿಗರೇಟು ಸೇದುವವರಲ್ಲಿ ಹೆಚ್ಚೆಂದು ಹಲವು ವರದಿಗಳು ಹೇಳುತ್ತವೆ. ವಂಶವಾಹಿಗಳ ಪಾತ್ರವನ್ನು ಹುಡುಕುತ್ತಿದ್ದಾರೆ.

ಮದ್ದು ನಿಲ್ಲಿಸಬೇಕೆ?

ಈಗ ಪ್ರಯೋಗಾಲಯದಿಂದ ಮನೆಗೆ ಬರೋಣ. ಪದವಿ ತರಗತಿಯಲ್ಲಿ ಓದುತ್ತಿರುವ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಸಂಧಿವಾತದಿಂದ ಬೆರಳು ಮಡಿಸಲಾಗದೆ ಪರೀಕ್ಷೆಯಲ್ಲಿ ಬರೆಯುವುದೇ ಕಷ್ಟವಾಗಿತ್ತು. ಚುಚ್ಚುಮದ್ದು ಶುರುವಾದ ಮೇಲೆ ಪೆನ್ನು ಹಿಡಿಯುತ್ತಿದ್ದಾಳೆ. ಐದನೆಯ ತಿಂಗಳಲ್ಲಿ ಅಂಗಾಲಿನಲ್ಲಿ ಗುಳ್ಳೆಗಳೆದ್ದವು. ಮನೆಯಲ್ಲಿ ಒಬ್ಬರು ಬದನೆಕಾಯಿಯ ನಂಜು ಎಂದರು, ಇನ್ನೊಬ್ಬರು ಹುಳುಕಡ್ಡಿ ಎಂದು ಮೆಡಿಕಲ್ ಶಾಪಿನಿಂದ ಟ್ಯೂಬು ತಂದರು, ಮತ್ತೊಬ್ಬರು ‘ಆ ಇಂಗ್ಲಿಷ್ ಮದ್ದಿನ ಉಷ್ಣವೇ ಇದಕ್ಕೆಲ್ಲ ಕಾರಣ, ಬಿಟ್ಟುಬಿಡಮ್ಮ’ ಎಂದರು. ಮೂರನೆಯವರ ಮಾತಿನಲ್ಲಿ ಅರ್ಧ ನಿಜವಿದೆ. ಅಪಾಯ ಇರುವುದೂ ಅಲ್ಲಿಯೇ.

ತಾನಾಗಿ ಮದ್ದು ಬಿಟ್ಟರೆ ಚರ್ಮ ಸರಿಹೋಗಬಹುದು, ಆದರೆ ಕೀಲಿನ ಉರಿಯೂತ ಮರಳುತ್ತದೆ, ಒಮ್ಮೆ ಸವೆದ ಮೂಳೆ ಮೊದಲಿನಂತಾಗುವುದಿಲ್ಲ. ಇನ್ನೊಂದು ತೊಡಕೂ ಇದೆ. ಇನ್‌ಫ್ಲಿಕ್ಸಿಮ್ಯಾಬ್‌ನಂಥ ಮದ್ದನ್ನು ಬಿಟ್ಟು ಬಿಟ್ಟು ತೆಗೆದುಕೊಂಡರೆ ದೇಹವು ಅದನ್ನು ಪರಕೀಯವೆಂದು ತಿಳಿದು ಅದರ ವಿರುದ್ಧವೇ ಪ್ರತಿಕಾಯಗಳನ್ನು ಬೆಳೆಸುವ ಸಂಭವ ಹೆಚ್ಚು. ಆಮೇಲೆ ಬೇಕೆಂದಾಗ ಮದ್ದು ನಾಟುವುದಿಲ್ಲ. ಅಂಗಡಿಯ ಟ್ಯೂಬಿನ ವಿಷಯ ಇನ್ನೂ ಕೆಟ್ಟದು. ನಮ್ಮಲ್ಲಿ ಚೀಟಿಯಿಲ್ಲದೆ ಕೈಗೆ ಸಿಗುವ ಎಷ್ಟೋ ಹುಳುಕಡ್ಡಿ ಮುಲಾಮುಗಳಲ್ಲಿ ಜೋರಾದ ಸ್ಟೆರಾಯ್ಡ್ ಬೆರೆತಿರುತ್ತದೆ. ನಿಜವಾಗಿಯೂ ಶಿಲೀಂಧ್ರದ ಸೋಂಕಾಗಿದ್ದರೆ ಅದು ಬೆಳೆಯುತ್ತದೆ, ಸೋರಿಯಾಸಿಸ್ ಆಗಿದ್ದರೆ ಗುರುತು ಮರೆಯಾಗಿ ವೈದ್ಯರು ದಾರಿ ತಪ್ಪುತ್ತಾರೆ.

ಸರಿಯಾದ ದಾರಿಯೆಂದರೆ ಮದ್ದು ಬರೆದ ವೈದ್ಯರಿಗೆ ಕೂಡಲೇ ತಿಳಿಸುವುದು, ಚರ್ಮರೋಗ ತಜ್ಞರಿಗೆ ತೋರಿಸುವುದು. ಅವರು ಮೊದಲು ಸೋಂಕು ಮತ್ತು ಅಲರ್ಜಿ ಅಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ಸ್ವಲ್ಪವೇ ಜಾಗದಲ್ಲಿದ್ದರೆ ಅಳತೆಯ ಸ್ಟೆರಾಯ್ಡ್ ಮುಲಾಮು, ಡಿ ಜೀವಸತ್ವದಿಂದ ಪಡೆದ ಕ್ಯಾಲ್ಸಿಪೊಟ್ರಿಯಾಲ್, ನೇರಳಾತೀತ ಬೆಳಕಿನ ಚಿಕಿತ್ಸೆ ಇವುಗಳಿಂದ ಹತೋಟಿಗೆ ಬಂದು, ಮೂಲ ಚುಚ್ಚುಮದ್ದನ್ನು ಮುಂದುವರಿಸಲು ಸಾಧ್ಯವಾಗುವವರೇ ಅನೇಕರು. ಮೈತುಂಬ ಹರಡಿದರೆ ಅಥವಾ ಕೂದಲು ಉದುರತೊಡಗಿದರೆ ಬೇರೆ ದೂತರನ್ನು ಹಿಡಿಯುವ ಮದ್ದಿಗೆ ಬದಲಾಯಿಸುತ್ತಾರೆ. ಇಂಟರ್‌ಲ್ಯೂಕಿನ್ 12 ಮತ್ತು 23ನ್ನು ತಡೆಯುವ ಉಸ್ತೆಕಿನುಮ್ಯಾಬ್ ಅಂಥದೊಂದು. ಜ್ವರದೊಂದಿಗೆ ಮೈಯೆಲ್ಲ ಕೆಂಪಾಗಿ ಕೀವುಗುಳ್ಳೆ ಎದ್ದರೆ ಮಾತ್ರ ಕಾಯುವಂತಿಲ್ಲ, ಅದು ಆಸ್ಪತ್ರೆಗೆ ಒಯ್ಯಬೇಕಾದ ತುರ್ತು.

ನಮ್ಮ ದೇಶದ ಮಟ್ಟಿಗೆ ಟಿ.ಎನ್.ಎಫ್. ತಡೆಯುವುದರ ಇನ್ನೊಂದು ಮುಖವನ್ನು ಹೇಳದೆ ಬಿಡುವಂತಿಲ್ಲ. ಎದೆಯಲ್ಲಿ ಅಡಗಿ ಮಲಗಿರುವ ಕ್ಷಯದ ಸೂಕ್ಷ್ಮಜೀವಿಗಳ ಸುತ್ತ ಕೋಟೆ ಕಟ್ಟಿ ಕಾಯುವುದು ಇದೇ ಟಿ.ಎನ್.ಎಫ್. ಕೋಟೆ ಸಡಿಲವಾದರೆ ಕ್ಷಯ ಹೊರಬರುತ್ತದೆ. ಇನ್‌ಫ್ಲಿಕ್ಸಿಮ್ಯಾಬ್ ಪಡೆದವರಲ್ಲಿ ಇಂಥ 70 ಪ್ರಕರಣಗಳು 2001ರಲ್ಲಿ ವರದಿಯಾದವು. ಚುಚ್ಚುಮದ್ದಿಗೆ ಮುಂಚೆ ಎದೆಯ ಎಕ್ಸ್-ರೇ, ಮಾಂಟೂ ಪರೀಕ್ಷೆ ಮಾಡಿಸುವುದು ಇದಕ್ಕಾಗಿ. ಅಗ್ಗದ ದೇಶೀಯ ಅಡಾಲಿಮುಮ್ಯಾಬ್ 2014ರ ಕೊನೆಗೆ ಭಾರತದಲ್ಲಿ ಬಂದ ಮೇಲೆ ಮದ್ದು ಹೆಚ್ಚು ಜನರನ್ನು ಮುಟ್ಟಿದೆ. ಗುರಿ ಒಂದೇ ಆದ್ದರಿಂದ ಅಡ್ಡಪರಿಣಾಮಗಳೂ ಅವೇ. ನಮ್ಮ ಬೆಂಗಳೂರಿನ ಬಯೋಕಾನ್ 2013ರಲ್ಲಿ ಸೋರಿಯಾಸಿಸ್‌ಗೆಂದು ಹೊರತಂದ ಇಟೊಲಿಜುಮ್ಯಾಬ್ ಮಾತ್ರ ಟಿ.ಎನ್.ಎಫ್. ಅನ್ನು ಹಿಡಿಯುವುದಿಲ್ಲ, ಟಿ-ಕೋಶಗಳ ಮೇಲಿರುವ ಸಿ.ಡಿ.6 ಎಂಬ ಗುರುತಿಗೆ ಅಂಟುತ್ತದೆ.

ಏತ ಇದೊಂದೇ ಅಲ್ಲ. ಇಸುಬಿನ ಕಾಯಿಲೆಗೆ 2017ರಲ್ಲಿ ಬಂದ ಡ್ಯುಪಿಲುಮ್ಯಾಬ್ ಇಂಟರ್‌ಲ್ಯೂಕಿನ್ 4 ಮತ್ತು 13ರ ಸುದ್ದಿಯನ್ನು ತಡೆಯುತ್ತದೆ. ಅದನ್ನು ಪಡೆದ ಕೆಲವರಲ್ಲಿ ಇಸುಬು ಇಳಿದು ಸೋರಿಯಾಸಿಸ್ ತರಹದ ಪಟ್ಟೆಗಳೆದ್ದಿವೆ. ಸೋರಿಯಾಸಿಸ್‌ಗೆ 2015ರಲ್ಲಿ ಬಂದ ಸೆಕುಕಿನುಮ್ಯಾಬ್ ಇಂಟರ್‌ಲ್ಯೂಕಿನ್ 17ನ್ನು ತಡೆಯುತ್ತದೆ. ಅದನ್ನು ಪಡೆದ ಕೆಲವರಲ್ಲಿ ಸೋರಿಯಾಸಿಸ್ ಇಳಿದು ಇಸುಬು ಎದ್ದಿದೆ. ಒಬ್ಬರ ಕಾಯಿಲೆಯ ಮದ್ದು ಇನ್ನೊಬ್ಬರ ಕಾಯಿಲೆಯನ್ನು ಎಬ್ಬಿಸುವಂತಿದೆ. ಇಲ್ಲಿ ಏತದ ಒಂದು ತುದಿಯಲ್ಲಿ ಒಂದು ಪಂಗಡದ ಟಿ-ಕೋಶಗಳು, ಇನ್ನೊಂದು ತುದಿಯಲ್ಲಿ ಮತ್ತೊಂದು ಪಂಗಡದವು ಇರಬೇಕೆಂದು ತಿಳಿಯಲಾಗಿದೆ. ಚುಚ್ಚುಮದ್ದು ಕೊಡುವ ಮೊದಲೇ ರೋಗಿಯ ರಕ್ತವನ್ನು ಪರೀಕ್ಷಿಸಿ ಯಾರ ಏತ ಎತ್ತ ವಾಲೀತೆಂದು ಹೇಳುವ ಪರೀಕ್ಷೆ ಮಾತ್ರ ಇನ್ನೂ ವೈದ್ಯರ ಕೈಗೆ ಬಂದಿಲ್ಲ.